ಅಪ್ಪ ಕಟ್ಟಿದ ಸೇತುವೆಯ ರಿಪೇರಿ

ತೊಂಬತ್ತೊಂದು ವರ್ಷ ಬದುಕಿದವರು ಸತ್ತರೆ ನೋಡಲು ಬಂದವರಿಗೆ ಅಳುವ ಕಷ್ಟ ಇರುವುದಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಕೊಟ್ಟ ಟೀ ಕುಡಿದು, ‘ತುಂಬು ಜೀವನ ಬಿಡಿ, ನರಳದೆ ಹೋದ್ರು’ ಎಂದು ಎದ್ದು ಹೋದರೆ ಮುಗಿಯಿತು. ಎಂಜಿನಿಯರ್ ಸಾಹೇಬರ ಮನೆಯಲ್ಲೂ ಬೆಳಗಿನಿಂದ ಅದೇ ನಡೆದಿತ್ತು. ಅರವತ್ತು ದಾಟಿದ ಮಗಳು ಬಾಗಿಲ ಪಕ್ಕ ನಿಂತು ಎಲ್ಲರಿಗೂ ಹೂಂಗುಟ್ಟುತ್ತಿದ್ದಳು. ಅವಳು ಹಿಡಿದುಕೊಂಡಿದ್ದದ್ದು ಒಂದೇ ಒಂದು ಸಮಾಧಾನವನ್ನು. ತಾವು ಕಟ್ಟಿದ ಸೇತುವೆಯನ್ನು ಕೆಡವಿದರೆಂದು ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲವಲ್ಲ ಎಂಬುದು. ಅಷ್ಟು ನಿಜವಾಗಿದ್ದರೆ ಉಳಿದದ್ದನ್ನು ಅವಳು ಹೇಗೋ ಹೊಟ್ಟೆಗೆ ಹಾಕಿಕೊಂಡಿರುತ್ತಿದ್ದಳು.

ಸಾಹೇಬರು ತಮ್ಮ ಕಾಲದಲ್ಲಿ ಮೋರಿ ಕಟ್ಟಿದರು, ನೀರಿನ ಟ್ಯಾಂಕು ಕಟ್ಟಿದರು, ಆಸ್ಪತ್ರೆ ಕಟ್ಟಿದರು. ಆದರೆ ‘ನಾನು ಕಟ್ಟಿದ್ದು’ ಎಂದು ಅವರ ಬಾಯಲ್ಲಿ ಬರುತ್ತಿದ್ದದ್ದು ಮನೆಯಿಂದ ಎರಡು ಬೀದಿ ಆಚೆ ಹೊಳೆಗೆ ಹಾಕಿದ ಆ ಸೇತುವೆ ಒಂದೇ. ಅದು ಅರ್ಧ ಎದ್ದಿದ್ದಾಗ ಹೆಂಡತಿ ತೀರಿಕೊಂಡರು. ಮಗುವನ್ನು ನೆಂಟರ ಮನೆಗೆ ಕಳಿಸಿ ಎಂದವರಿಗೆ ‘ಅವಳಮ್ಮನ ಕೆಲಸವೂ ಇನ್ನು ನನ್ನದೇ’ ಎಂದರು. ಬೆಳಿಗ್ಗೆ ಜಡೆ ಹಾಕಿ, ಅದು ನೆಟ್ಟಗಿದೆಯೇ ಎಂದು ಗೋಡೆಗೆ ಬಿಡುವ ತೂಗುಗುಂಡಿನ ದಾರ ಬಿಟ್ಟು ನೋಡಿ, ಸೇತುವೆಯ ಬಳಿಯ ಶೆಡ್ಡಿಗೆ ಕರೆದೊಯ್ದು ಸಿಮೆಂಟ್ ಚೀಲಗಳ ಮೇಲೆ ಮಲಗಿಸಿಕೊಂಡು ಕೆಲಸ ಮಾಡಿಸಿದರು. ಮಗಳ ಶಾಲೆ ತಪ್ಪುತ್ತದೆಂದು ಬಡ್ತಿಯನ್ನೂ ಬಿಟ್ಟರು. ಅವರ ಕೈಕೆಳಗೆ ಪಳಗಿದ ಹುಡುಗರು ಅವರಿಗೇ ಸಾಹೇಬರಾಗಿ ಬಂದಾಗ, ‘ನನಗೆ ಮೇಲೆ ಹೋಗೋಕೆ ಆತುರ ಇಲ್ಲಪ್ಪ, ಅದು ಎಲ್ಲರಿಗೂ ಇದ್ದೇ ಇದೆ’ ಎಂದು ನಗುತ್ತಿದ್ದರು.

ಯಾರ ಮನೆಗೆ ಹೋದರೂ ಕೂರುವ ಮೊದಲು ಗೋಡೆಯನ್ನೊಮ್ಮೆ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವುದು ಅವರ ಚಾಳಿ. ಮಗಳನ್ನು ನೋಡಲು ಬಂದ ಗಂಡಿನ ಮನೆಯ ಕಂಬವನ್ನೂ ತಟ್ಟಿ, ‘ಹುಡುಗ ಪರವಾಗಿಲ್ಲ, ಕಂಬ ಟೊಳ್ಳು’ ಎಂದಿದ್ದರು. ಬೀಗರು ಬಹಳ ದಿನ ಮುಖ ಊದಿಸಿಕೊಂಡಿದ್ದರು. ಒಂದು ಮಳೆಗಾಲಕ್ಕೆ ಆ ಕಂಬ ಬಿರಿಯಿತು, ಆ ಮಾತು ಬೇರೆ.

ಅವರಿಗೆ ಆಗದಿದ್ದದ್ದು ಸುಳ್ಳು. ಹೆಂಡತಿ ಸತ್ತ ದಿನ ಹೆಂಗಸರೆಲ್ಲ ಮಗುವಿಗೆ ‘ಅಮ್ಮ ಊರಿಗೆ ಹೋಗಿದ್ದಾಳೆ’ ಎಂದು ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದರೆ, ಇವರು ತೊಡೆಯ ಮೇಲೆ ಕೂರಿಸಿಕೊಂಡು, ‘ಅಮ್ಮ ಸತ್ತುಹೋದಳು ಕಂದಾ, ಬರೋದಿಲ್ಲ. ನಾನು ನಿನಗೆ ಸುಳ್ಳು ಹೇಳೋದಿಲ್ಲ, ನೀನೂ ನನಗೆ ಹೇಳಬೇಡ’ ಎಂದರು. ಇಬ್ಬರೂ ಆ ಮಾತನ್ನು ಉಳಿಸಿಕೊಂಡರು. ಗಂಡ ತೀರಿಕೊಂಡು ಮಗಳು ಅಪ್ಪನ ಮನೆಗೇ ಮರಳಿದ ಮೇಲೂ ಉಳಿಸಿಕೊಂಡರು.

ಹೋದ ತಿಂಗಳು, ದೊಡ್ಡ ಲಾರಿಗಳಿಗೆ ಸಾಲದೆಂದು ಹಳೆಯ ಸೇತುವೆಯನ್ನು ಕೆಡವಲು ಬಂದರು. ಸಾಹೇಬರು ಹಾಸಿಗೆ ಹಿಡಿದಿದ್ದರು, ಆರೈಕೆಗೆ ಮನೆಯಲ್ಲೊಬ್ಬ ಹೆಂಗಸಿದ್ದಳು, ಕಣ್ಣು ಪೂರ್ತಿ ಹೋಗಿತ್ತು, ಕಿವಿ ಮಾತ್ರ ಚುರುಕು. ಯಂತ್ರದ ಸದ್ದು ಕೇಳಿ ಏನದು ಎಂದರು. ಮಗಳು ಮಂಚದ ಹತ್ತಿರ ಬಂದಳು. ಇನ್ನು ನಾಲ್ಕು ದಿನ ಬದುಕುವ ಜೀವಕ್ಕೆ ಈ ಸುದ್ದಿ ಯಾಕೆ?

‘ರಿಪೇರಿ ಅಪ್ಪಾ. ಮೇಲಿನ ರಸ್ತೆ ಕಿತ್ತು ಹೊಸದಾಗಿ ಹಾಕ್ತಿದ್ದಾರೆ.’

‘ಪರವಾಗಿಲ್ವೇ, ಇನ್ನೂ ನೆನಪಿಟ್ಕೊಂಡಿದ್ದಾರೆ,’ ಎಂದು ಅವರ ಮುಖ ಅರಳಿತು. ಆ ಮುಖ ನೋಡಿ ಅವಳಿಗೆ ತಾನು ಮಾಡಿದ್ದು ಸರಿ ಅನ್ನಿಸಿತು. ಯಾರಿಗಾದರೂ ಹಾಗೇ ಅನ್ನಿಸುತ್ತಿತ್ತು.

ಕೆಲವು ದಿನ ಕಳೆದು, ಗಂಜಿ ಕುಡಿಸುವಾಗ ಅವರು ಚಮಚವನ್ನು ಪಕ್ಕಕ್ಕೆ ಸರಿಸಿದರು. ‘ದಡದ ಕಡೆ ಹೊಡೀತಿದ್ದಾರಲ್ಲಮ್ಮ.’

‘ಹೊಡೀಲಿ ಬಿಡಿ, ಗಂಜಿ ಆರುತ್ತೆ.’

‘ಇಲ್ಲಿ ಕೇಳು. ಎರಡೂ ದಡದಿಂದ ಒಂದೊಂದು ತೋಳು ಚಾಚಿ, ಅದರ ತುದಿ ಮೇಲೆ ನಡುವಿನ ತುಂಡನ್ನ ಕೊನೇಲಿ ಇಟ್ಟಿದ್ದು ನಾನು. ದಡದ ಕಡೆ ಭಾರ ಇರೋದಕ್ಕೇ ತೋಳು ನಿಂತಿರೋದು. ಬಿಚ್ಚೋದಾದ್ರೆ ನಡುವಿನ ತುಂಡನ್ನೇ ಮೊದಲು ಇಳಿಸಬೇಕು. ಅದನ್ನ ಅಲ್ಲೇ ಬಿಟ್ಟು ಹಿಂದಿನ ಭಾರ ಒಡೆದ್ರೆ ತೋಳು ಮಗುಚುತ್ತೆ. ಕೆಳಗೆ ಜನ ಇರ್ತಾರೆ. ಅವರಿಗೊಂದು ಫೋನ್ ಮಾಡಮ್ಮ.’

ಫೋನ್ ಮಾಡಬಹುದಿತ್ತು. ಬೀದಿಯ ಕೊನೆಗೆ ಹಾಕಿದ ಕಾಮಗಾರಿಯ ಬೋರ್ಡಿನ ಮೇಲೆ ನಂಬರ್ ಇತ್ತು. ಆದರೆ ಅವಳ ತಲೆಯಲ್ಲಿ ಇದ್ದದ್ದು ಕೆಳಗಿನ ಜನರಲ್ಲ, ತನ್ನ ಸುಳ್ಳು. ಅಲ್ಲಿ ಬೇಕಾದಷ್ಟು ಎಂಜಿನಿಯರುಗಳಿದ್ದಾರೆ, ಮಂಚದ ಮೇಲಿನ ಮುದುಕರಿಗೆ ಯಾಕೆ ಇಲ್ಲದ ಉಸಾಬರಿ ಎಂದುಕೊಂಡಳು.

‘ಬಿಚ್ತಿಲ್ಲ ಅಪ್ಪಾ. ರಿಪೇರಿ ಅಂತ ಹೇಳಿದ್ನಲ್ಲ.’

ಅವರು ಬಹಳ ಹೊತ್ತು ಸದ್ದು ಆಲಿಸಿದರು. ‘ರಿಪೇರಿನೇನಾ?’

‘ರಿಪೇರಿನೇ.’

‘ಹಾಗಾದ್ರೆ ನನ್ನ ಕಿವಿಗೂ ವಯಸ್ಸಾಯ್ತು,’ ಎಂದು ಗಂಜಿಗೆ ಬಾಯಿ ತೆರೆದರು. ಜೀವಮಾನವೆಲ್ಲ ನಂಬಿದ ಕಿವಿಯನ್ನು ಮಗಳ ಒಂದು ಮಾತಿಗೆ ಬಿಟ್ಟುಕೊಟ್ಟರು.

ಮರುದಿನ ಮಧ್ಯಾಹ್ನ ತೋಳು ಮಗುಚಿ ಬಿತ್ತು. ಮನೆಯ ಕಿಟಕಿಗಳು ಗಡಗಡ ಅಂದವು. ಕೆಳಗಿದ್ದ ಇಬ್ಬರು ಕೂಲಿಯವರು ಅಲ್ಲೇ ಸತ್ತರು. ಬೀದಿಗೆ ಓಡಿ ಸುದ್ದಿ ತಿಳಿದು ವಾಪಸು ಬಂದ ಮಗಳನ್ನು ಸಾಹೇಬರು ‘ಏನಮ್ಮ ಅದು ಸದ್ದು?’ ಎಂದು ಕೇಳಿದರು.

‘ಲಾರಿಯಿಂದ ಜಲ್ಲಿ ಸುರಿದ್ರಂತೆ ಅಪ್ಪಾ.’

‘ಓಹೋ,’ ಎಂದರು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ‘ರಿಪೇರಿ ಎಲ್ಲಿಗೆ ಬಂತು?’ ಎಂದು ಅವರೇ ಕೇಳುವರು. ಕಂಬಿ ಕೂರಿಸಿದ್ರು ಎನ್ನುವಳು. ಬಣ್ಣ ಶುರುವಾಯ್ತು ಎನ್ನುವಳು. ‘ಬೂದು ಬಣ್ಣ ಹೊಡೀಲಿ, ಕೊಳೆ ಕಾಣಲ್ಲ,’ ಎಂದು ಅವರು ನಗುವರು. ಊಟ ಮಾತ್ರ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಯಿತು. ವಯಸ್ಸು ಎಂದರು ಡಾಕ್ಟರು. ಒಂದು ಬೆಳಿಗ್ಗೆ ಅವರು ಏಳಲಿಲ್ಲ.

ಬಂದವರೆಲ್ಲ ಹೋದ ಮೇಲೆ, ಸಾಹೇಬರ ಆರೈಕೆಗೆಂದು ಮನೆಯಲ್ಲಿದ್ದ ಹೆಂಗಸು ತನ್ನ ಚೀಲ ಹಿಡಿದು ಹೊರಡಲು ನಿಂತಳು. ಹೊರಟವಳು ಹೊಸ್ತಿಲಲ್ಲಿ ತಡೆದಳು.

‘ಅಕ್ಕಾ, ಇದು ಹೇಳಬಾರದು ಅಂತ ಸಾಹೇಬ್ರು ಆಣೆ ಹಾಕಿಸ್ಕೊಂಡಿದ್ರು. ನೀವು ಕೊರಗೋದು ನೋಡಕ್ಕಾಗ್ತಿಲ್ಲ, ಅದಕ್ಕೆ ಹೇಳ್ತೀನಿ. ಅವರಿಗೆ ನಿಮ್ಮ ಮೇಲೆ ಎಳ್ಳಷ್ಟೂ ಸಿಟ್ಟಿರಲಿಲ್ಲ.’

‘ಸಿಟ್ಟು ಯಾಕೆ ಬರಬೇಕು?’

‘ಅವತ್ತು ಸೇತುವೆ ಬಿದ್ದಾಗ ನೀವು ಹಿತ್ತಲಲ್ಲಿದ್ರಿ. ನಿಮಗಿಂತ ಮೊದಲು ನನ್ನನ್ನ ಓಡಿಸಿದ್ರು, ಎಷ್ಟು ಜನ ಹೋದ್ರು ನೋಡ್ಕೊಂಡು ಬಾ ಅಂತ. ಇಬ್ಬರು ಅಂದೆ. ಗೋಡೆ ಕಡೆ ತಿರುಗಿ ಅತ್ತುಬಿಟ್ರು. ಆಮೇಲೆ ಹೇಳಿದ್ರು, ನನಗೆ ಗೊತ್ತಾಗಿದೆ ಅಂತ ಮಗಳಿಗೆ ಗೊತ್ತಾಗಬಾರದು, ಪಾಪ, ಒಂದಿನಾನೂ ಸುಳ್ಳು ಹೇಳಿದವಳಲ್ಲ, ನನಗೋಸ್ಕರ ಎಷ್ಟು ಕಷ್ಟಪಟ್ಟು ಹೇಳ್ತಿದ್ದಾಳೆ ಅಂತ.’

‘ಅಪ್ಪನಿಗೆ ಗೊತ್ತಿತ್ತಾ?’ ಎಂದಳು ಮಗಳು.

‘ನಿಮ್ಮನ್ನ ಒಂದು ಮಾತೂ ಅನ್ನಲಿಲ್ಲ ಅಕ್ಕಾ. ಬೈದುಕೊಂಡಿದ್ದೆಲ್ಲ ತಮ್ಮನ್ನೇ. ಕಿವಿಯಲ್ಲಿ ಕೇಳಿಸ್ಕೊಂಡೂ ಸುಮ್ಮನಿದ್ದವನು ನಾನು, ಇಬ್ಬರನ್ನ ಕೊಂದವನೂ ನಾನೇ ಅಂತ ದಿನಾ ಅನ್ನೋರು. ಊಟ ಬಿಟ್ಟಿದ್ದೂ ಅದಕ್ಕೇ. ಅನ್ನ ಇಳಿಯಲ್ಲ ಕಣೇ ಅನ್ನೋರು.’

ಮನಸ್ಸು ಹಗುರಾಗಲಿ ಎಂದೇ ಹೇಳಿದ ಆ ಹೆಂಗಸು ಕಣ್ಣೊರೆಸಿಕೊಂಡು ಹೊರಟುಹೋದಳು.

‘ತಪ್ಪು ನಿಮ್ಮದಲ್ಲ ಅಪ್ಪಾ, ನನ್ನದು.’ ಇಷ್ಟನ್ನು ಮಗಳು ಹೇಳಿದ್ದರೆ ಅವರು ಇನ್ನೊಂದು ತುತ್ತು ತಿನ್ನುತ್ತಿದ್ದರೋ ಏನೋ. ಹೇಳುವುದಕ್ಕೆ ಅವಳಿಗೆ ದಿನವೂ ಒಂದು ಬೆಳಗು ಇತ್ತು. ಅವರ ಮಂಚದ ಪಕ್ಕದಲ್ಲೇ, ಅವರ ಕೈ ಹಿಡಿದುಕೊಂಡೇ ಕೂತಿರುತ್ತಿದ್ದಳು. ಕೂತು ಅವಳು ಹೇಳಿದ್ದೆಲ್ಲ ಕಂಬಿಗೆ ಹೊಡೆಯುತ್ತಿದ್ದ ಬಣ್ಣದ ವಿಷಯ.