ಕ್ಯಾಂಡಿಯ ಕೆಂಪು

"ಹೌದು ಅನ್ನು, ಇಲ್ಲ ಅನ್ನು. ಎರಡರಲ್ಲಿ ಒಂದು ಬಾಯಿ ಬಿಟ್ಟು ಹೇಳು ಮರಿ," ಎಂದಳು ಅಕ್ಕ. "ಇಷ್ಟು ವರ್ಷ ನಾನು ಆ ಮಕ್ಕಳಿಗೆ ವಿಷ ತಿನ್ನಿಸಿದ್ನಾ?"

ಆಸ್ಪತ್ರೆಯ ಮಂಚದ ಪಕ್ಕ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದ ತಮ್ಮ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡ. "ಅಕ್ಕ, ಸದ್ಯಕ್ಕೆ ಲಭ್ಯ ಇರೋ ಮಾಹಿತಿ ಪ್ರಕಾರ..." ಎಂದು ಶುರುಮಾಡಿದ.

"ಥೂ, ನಿನ್ನ ಮಾಹಿತಿಗಿಷ್ಟು ಬೆಂಕಿ ಬೀಳ!" ಎಂದು ಅವಳು ಗೋಡೆಯ ಕಡೆ ಹೊರಳಿದಳು. ಹೊರಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಅವನು ಉತ್ತರ ಹೇಳಿ ಮುಗಿಸಬಹುದಿತ್ತು. ಹೇಳಲಿಲ್ಲ.

ಭೂಮಿಯ ಮೇಲೆ ಅವನಷ್ಟು ಅನುಮಾನದ ಮನುಷ್ಯ ಇನ್ನೊಬ್ಬ ಹುಟ್ಟಿಲ್ಲ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತವನನ್ನು "ಮಳೆ ಬರ್ತಿದೆಯಾ?" ಎಂದು ಕೇಳಿದರೆ, "ಹಾಗೆ ತೋರುತ್ತಿದೆ" ಎನ್ನುತ್ತಿದ್ದ. ಮದುವೆಯ ದಿನ "ಒಪ್ಪಿಗೆಯೇ?" ಎಂದು ಕೇಳಿದಾಗ ಅವನು ಎಷ್ಟು ಹೊತ್ತು ಯೋಚಿಸಿದನೆಂದರೆ, ಬಂದಿದ್ದ ನೆಂಟರಲ್ಲಿ ಅರ್ಧ ಜನ ಮುದುಕರಾದರು. ಅವನ ಹೆಂಡತಿ ಇವತ್ತಿಗೂ ಹೇಳುವ ಮಾತಿದು. ಹೇಳುವಾಗ ನಗುತ್ತಾಳೆ, ಆದರೆ ಪೂರ್ತಿಯಾಗಿ ಅಲ್ಲ.

ಕೆಲಸವೂ ಅಂಥದ್ದೇ ಸಿಕ್ಕಿತ್ತು. ತಿನ್ನುವ ಪದಾರ್ಥಕ್ಕೆ ಬೆರೆಸುವ ಬಣ್ಣ, ಕೆಡದಂತೆ ಕಾಯುವ ಪುಡಿ, ಸಕ್ಕರೆಯಲ್ಲದ ಸಿಹಿ, ಇವೆಲ್ಲ ಹೊಟ್ಟೆಗೆ ಹೋದರೆ ಏನಾಗುತ್ತದೆಂದು ತೂಗಿ ಹೇಳುವ ಸಮಿತಿಯಲ್ಲಿ ಅವನು ಪರೀಕ್ಷಕ. ಇಲಿಗೆ ಎಷ್ಟು ತಿನ್ನಿಸಿದರೆ ಏನೂ ಆಗುವುದಿಲ್ಲವೋ ಅಷ್ಟನ್ನು ಹಿಡಿದು, ಅದನ್ನು ನೂರರಿಂದ ಭಾಗಿಸಬೇಕು. ಮನುಷ್ಯ ಇಲಿಯಲ್ಲ ಎನ್ನುವುದಕ್ಕೆ ಒಂದು ಹತ್ತು, ಒಬ್ಬ ಮನುಷ್ಯ ಇನ್ನೊಬ್ಬನಂತಲ್ಲ ಎನ್ನುವುದಕ್ಕೆ ಇನ್ನೊಂದು ಹತ್ತು; ಹತ್ತು ಹತ್ತಲೆ ನೂರು. ಹೀಗೆ ಭಾಗಿಸಿ ಬಂದದ್ದು, ಹುಟ್ಟಿದಂದಿನಿಂದ ಸಾಯುವ ತನಕ ದಿನಾ ತಿಂದರೂ ಕೇಡಿಲ್ಲದ ಪ್ರಮಾಣ. ಈ ನೂರು ಅವನ ತಲೆಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲೂ ಎಲ್ಲವನ್ನೂ ನೂರರಿಂದ ಭಾಗಿಸುತ್ತಿದ್ದ: ಉಪ್ಪು, ವೇಗ, ಮಾತು. ಕಡೆಗೆ ಪ್ರೀತಿಯನ್ನೂ ಭಾಗಿಸಿದ ಎಂದು ಹೆಂಡತಿ ಸೇರಿಸುತ್ತಾಳೆ.

ಅಕ್ಕನ ಬಾಬತ್ತು ಇದಕ್ಕೆ ತದ್ವಿರುದ್ಧ. ಅವಳು ಎಲ್ಲವನ್ನೂ ನೂರರಿಂದ ಗುಣಿಸಿದವಳು. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಐಸ್‌ಕ್ಯಾಂಡಿಯ ಗಾಡಿ ತಳ್ಳಿ ತಮ್ಮನನ್ನು ಓದಿಸಿದಳು. ಅವಳ ಕೂಗಿಗೆ ಊರಾಚೆ ಮಲಗಿದ್ದ ನಾಯಿಗಳು ಎದ್ದು ಸಾಲಾಗಿ ನಿಲ್ಲುತ್ತಿದ್ದವು; ಶಾಲೆಯ ಗಂಟೆ ಹೊಡೆಯುವವನು ಅವಳ ಗಾಡಿ ಬಂದ ಮೇಲೆಯೇ ಗಂಟೆ ಹೊಡೆಯುತ್ತಿದ್ದ. ಅವಳ ಹತ್ತಿರ ಇದ್ದದ್ದು ಒಂದೇ ಬಗೆಯ ಕ್ಯಾಂಡಿ, ಒಂದೇ ಬಣ್ಣ. ಆ ಕೆಂಪಿನ ಮುಂದೆ ಮುಳುಗುವ ಸೂರ್ಯ ನಾಚಿಕೊಂಡು ಬೇಗ ಮುಳುಗಬೇಕು, ಅಂಥ ಕೆಂಪು. ಒಂದು ಚಿಟಿಕೆ ಪುಡಿಗೆ ಒಂದು ಕೊಪ್ಪರಿಗೆ ನೀರು ಕೆಂಪಾಗುತ್ತಿತ್ತು.

ಆಮೇಲೆ ಒಂದು ದಿನ ಆ ಪುಡಿಗೆ ನಿಷೇಧ ಬಂತು. ಅವನದೇ ಸಮಿತಿ. ಅವನದೂ ಸಹಿ.

ಬೀದಿಯ ತಾಯಂದಿರು ಮಕ್ಕಳ ರಟ್ಟೆ ಹಿಡಿದು ಗಾಡಿಯಿಂದ ಆಚೆಗೆ ಎಳೆಯತೊಡಗಿದರು. ಅದೇ ಗಾಡಿಯ ಮುಂದೆ ಒಂದು ಕಾಲಕ್ಕೆ ತಾವೇ ಅತ್ತು ರಂಪ ಮಾಡಿ ಕ್ಯಾಂಡಿ ತಿಂದವರು ಅವರು. "ವಿಷದ ಗಾಡಿ" ಎಂದು ಯಾರೋ ಅಂದರು, ಆ ಹೆಸರು ನಿಂತುಬಿಟ್ಟಿತು. ಅಕ್ಕ ಬೇರೆ ಬಣ್ಣ ತಂದು ನೋಡಿದಳು. ಯಾರೂ ಹತ್ತಿರ ಸುಳಿಯಲಿಲ್ಲ. ಗಾಡಿಯನ್ನು ತೊಳೆದು ಹಿತ್ತಲಲ್ಲಿ ಮಗುಚಿ ಹಾಕಿ, ಹೋಟೆಲೊಂದರಲ್ಲಿ ಪಾತ್ರೆ ಉಜ್ಜಲು ಹೋದಳು. ತಮ್ಮನ ಮುಂದೆ ಮಾತ್ರ ಆ ವಿಷಯ ಎತ್ತಲೇ ಇಲ್ಲ. ಜಗಳಕ್ಕೆ ಊರನ್ನೇ ಎದುರು ಹಾಕಿಕೊಳ್ಳುವ ಹೆಂಗಸು, ಒಂದು ಮಾತೂ ಆಡಲಿಲ್ಲ.

ಈಗ ಅವಳ ಹೊಟ್ಟೆಯೊಳಗೆ ಗಡ್ಡೆ. ವೈದ್ಯರು ಕೊಯ್ದು ನೋಡಿ, ಹಾಗೆಯೇ ಹೊಲಿದು ಮುಚ್ಚಿ, ಇನ್ನು ನೋವಿಲ್ಲದಂತೆ ನೋಡಿಕೊಳ್ಳೋಣ ಎಂದಿದ್ದರು.

"ನಂದು ಬಿಡು," ಎಂದಳು ಅವಳು ಗೋಡೆಗೆ. "ನಾನು ತಿಂದೆ, ನಾನು ಅನುಭವಿಸ್ತೀನಿ. ದರ್ಜಿ ಮಗಳು ನೆನಪಿದ್ದಾಳಾ? ದಿನಾ ಬರೋಳು. ದುಡ್ಡಿಲ್ಲದ ದಿನ ನಾನೇ ಕರೆದು ಕೊಡ್ತಿದ್ದೆ. ಕಿಡ್ನಿ ಹೋಗಿ ಸತ್ತಳಲ್ಲೋ, ಮದುವೆ ವಯಸ್ಸಿಗೆ. ಕಣ್ಣು ಮುಚ್ಚಿದ್ರೆ ಬಂದು ಕೈ ಚಾಚ್ತಾಳೆ. ಕೊಡಲೋ ಬೇಡವೋ ಗೊತ್ತಾಗಲ್ಲ ನಂಗೆ."

ನರ್ಸು ಬಂದು, "ಸಾರ್, ಹೊತ್ತಾಯ್ತು," ಎಂದದ್ದೇ ತಡ, ತಮ್ಮ ಸ್ಟೂಲು ಬಿಟ್ಟು ಎದ್ದ. ಅಷ್ಟು ವೇಗದಲ್ಲಿ ಅವನು ಎಲ್ಲಿಂದಲೂ ಎದ್ದವನಲ್ಲ.

ಮರುದಿನ ಸಮಿತಿಯ ಸಭೆ. ಉದ್ದನೆಯ ಮೇಜು, ಮುಚ್ಚಿದ ಕಿಟಕಿ, ತಣ್ಣಗಾದ ಚಹಾ. ಹೊಸ ಸಿಹಿಪುಡಿಯೊಂದರ ಸರದಿ. ಅದರ ಕಂಪನಿಯವರು ಸೂಟು ತೊಟ್ಟ ಆರೇಳು ಜನರನ್ನು ಕಳಿಸಿದ್ದರು. ಅವರು ಹೊತ್ತು ತಂದ ಅಧ್ಯಯನಗಳ ಭಾರಕ್ಕೆ ಕಟ್ಟಡವೇ ಒಂದು ಕಡೆ ವಾಲಿತ್ತು. ಇಲಿಗಳು, ನಾಯಿಗಳು, ಮರಿಗಳು, ಮರಿಗಳ ಮರಿಗಳು, ಎಲ್ಲಕ್ಕೂ ಲೆಕ್ಕವಿತ್ತು. ಪ್ರಶ್ನೆ ಕೇಳಿದರೆ ಸಾಕು, ಇಬ್ಬಿಬ್ಬರು ಎದ್ದು ಉತ್ತರ ಕೊಡುತ್ತಿದ್ದರು.

ಹಿಂದೆ ಕೆಂಪು ಪುಡಿಯ ಸರದಿ ಬಂದ ದಿನ ಎದುರುಗಡೆಯ ಕುರ್ಚಿಗಳು ಖಾಲಿ ಇದ್ದವು. ಸಣ್ಣಪುಟ್ಟ ಶೆಡ್ಡುಗಳಲ್ಲಿ ತಯಾರಾಗುತ್ತಿದ್ದ ಅಗ್ಗದ ಬಣ್ಣ. ಅದಕ್ಕೋಸ್ಕರ ಹೊಸ ಅಧ್ಯಯನ ಮಾಡಿಸುವ ತಾಕತ್ತು ಯಾರಿಗೂ ಇರಲಿಲ್ಲ. ಇದ್ದದ್ದು ಒಂದೇ ಹಳೆಯ ಪ್ರಯೋಗ. ಅದರಲ್ಲಿ ಬಣ್ಣ ತಿಂದ ಇಲಿಗಳೂ ತಿನ್ನದ ಇಲಿಗಳೂ ಯಾವುದೋ ಜ್ವರ ಬಂದು ಒಟ್ಟಿಗೆ ಸತ್ತಿದ್ದವು, ಹಾಗಾಗಿ ಲೆಕ್ಕಕ್ಕಿಲ್ಲ. "ಇದರ ಪರವಾಗಿ ಯಾರಾದ್ರೂ ಇದ್ದೀರಾ? ಕಾಲಾವಕಾಶ ಕೇಳೋರು?" ಎಂದು ಅಧ್ಯಕ್ಷೆ ಕೇಳಿದ್ದರು. ಯಾರಾದರೂ ಕೇಳಿದ್ದರೆ ಕೊಡುತ್ತಿದ್ದರು. ಸರ್ಕಾರಿ ಪ್ರಯೋಗಾಲಯದಲ್ಲೇ ಮತ್ತೊಮ್ಮೆ ನೋಡಬಹುದಿತ್ತು.

ಅವನ ಕೈ ಮೇಜಿನ ಮೇಲಿತ್ತು. ಎತ್ತಲು ಒಂದು ಗೇಣು ಸಾಕಿತ್ತು.

ಸಿಹಿಪುಡಿಯ ಸಭೆ ಮುಗಿದ ಸಂಜೆ ಅವನು ಆಸ್ಪತ್ರೆಗೆ ಓಡಿದ. ನಡೆದ ಎಂದರೆ ಅವನನ್ನು ಕಂಡವರು ಒಪ್ಪುವುದಿಲ್ಲ. ಟೈ ಹೆಗಲ ಮೇಲೆ, ಉಸಿರು ಬಾಯಲ್ಲಿ. ಅಕ್ಕ ದಿಂಬಿಗೊರಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ನೀರು ಕುಡಿಯುವಂತಿರಲಿಲ್ಲ; ಬಾಯಿ ಒದ್ದೆಯಾಗಲೆಂದು ನರ್ಸು ಒಂದು ಬಟ್ಟಲಲ್ಲಿ ಐಸಿನ ಚೂರು ಇಟ್ಟು ಹೋಗಿದ್ದಳು.

"ಏನೋ, ಯಾರಾದ್ರೂ ಅಟ್ಟಿಸಿಕೊಂಡು ಬಂದ್ರಾ?"

"ಅಕ್ಕ, ಅದು ವಿಷ ಅಂತ ಯಾರೂ ತೋರಿಸ್ಲಿಲ್ಲ." ನಿಂತೇ ಹೇಳಿದ. "ವಿಷ ಅಲ್ಲ ಅಂತ ತೋರಿಸೋಕೂ ಯಾರೂ ಬರ್ಲಿಲ್ಲ. ಅದಕ್ಕೇ ತೆಗೆದುಹಾಕಿದ್ವಿ. ಅಷ್ಟೇ ಆಗಿದ್ದು."

ಅವಳು ಅವನ ಮುಖವನ್ನೇ ನೋಡಿದಳು. "ಯಾರೂ ಬರ್ಲಿಲ್ಲ ಅಂದ್ರೆ? ನೀನಿದ್ಯಲ್ಲೋ ಅಲ್ಲಿ."

"ಇದ್ದೆ."

"ಮತ್ತೆ?"

ಅವನು ಸ್ಟೂಲಿನ ಮೇಲೆ ಕೂತ. "ಇನ್ನೊಂದು ಸಲ ಪರೀಕ್ಷೆ ಆಗ್ಲಿ ಅಂತ ಕೇಳಬಹುದಿತ್ತು. ಕೇಳಿದ್ರೆ, ನಿಮಗೂ ಈ ಬಣ್ಣಕ್ಕೂ ಏನಾದ್ರೂ ಸಂಬಂಧ ಇದೆಯಾ ಅಂತ ಕೇಳ್ತಾರೆ. ಅದು ನಿಯಮ. ಇದ್ರೆ ಹೇಳಿ, ಎದ್ದು ಹೊರಗೆ ಹೋಗ್ಬೇಕು. ನಾನು ಹೇಳ್ಲೂ ಇಲ್ಲ, ಕೇಳ್ಲೂ ಇಲ್ಲ. ಸುಮ್ನೆ ಕೂತಿದ್ದೆ."

"ಯಾಕೆ?"

"ನಮ್ಮಕ್ಕ ಬೀದೀಲಿ ಗಾಡಿ ತಳ್ತಾಳೆ ಅಂತ ಹೇಳ್ಬೇಕಿತ್ತು. ಎಲ್ಲರ ಎದುರಿಗೆ."

ಪಕ್ಕದ ಹಾಸಿಗೆಯ ಮುದುಕಿ ಕೆಮ್ಮಿದಳು. ಹೊರಗೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದರು. ಅದರ ಒಂದು ಚಕ್ರ ಕಿರುಗುಡುತ್ತ ಮೊಗಸಾಲೆಯ ಕೊನೆಯವರೆಗೂ ಕೇಳಿಸಿತು.

"ನಾಚಿಕೆ ಆಯ್ತಾ?" ಎಂದಳು ಅಕ್ಕ.

ಅವನು ತಲೆ ತಗ್ಗಿಸಿದ.

"ಬಾಯಿ ಬಿಟ್ಟು ಹೇಳೋ."

"ಹೌದು."

ಅವನ ಬಾಯಿಂದ ಬಾಲವಿಲ್ಲದ 'ಹೌದು' ಒಂದು ಹೊರಬಿದ್ದದ್ದು ಅದೇ ಮೊದಲು. ಅದಕ್ಕೆ ಗುಡುಗು ಸಿಡಿಯಬೇಕಿತ್ತು, ಕಿಟಕಿಯ ಗಾಜು ಒಡೆಯಬೇಕಿತ್ತು. ಏನೂ ಆಗಲಿಲ್ಲ. ಅಕ್ಕ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಅಷ್ಟೂ ವರ್ಷ," ಎಂದಳು, "ನೀನು ನ್ಯಾಯವಾಗಿ ಮಾಡಿದ್ದೀಯ ಅಂದ್ಕೊಂಡಿದ್ದೆ. ಅಕ್ಕ ಅಂತಲೂ ನೋಡ್ಲಿಲ್ಲ ನನ್ನ ತಮ್ಮ, ಮಕ್ಕಳ ಹೊಟ್ಟೆ ನೋಡ್ದ ಅಂತ. ಪಾತ್ರೆ ಉಜ್ಜೋವಾಗ ಜೊತೆಯವರಿಗೆಲ್ಲ ಜಂಬ ಕೊಚ್ಕೊಳ್ತಿದ್ದೆ."

ಅವನು ಕನ್ನಡಕ ತೆಗೆದ. ಈ ಸಲ ಒರೆಸಲಿಲ್ಲ.

"ದರ್ಜಿ ಮಗಳು?" ಎಂದಳು ಅಕ್ಕ.

"ಗೊತ್ತಿಲ್ಲ ಅಕ್ಕ."

"ಯಾರಿಗೆ ಗೊತ್ತು?"

"ಯಾರಿಗೂ ಇಲ್ಲ. ಆಗ ನೋಡಿದ್ರೆ ಗೊತ್ತಾಗ್ತಿತ್ತೋ ಏನೋ. ಇನ್ನು ಯಾರೂ ನೋಡಲ್ಲ."

ಅವಳು ಕಣ್ಣು ಮುಚ್ಚಿದಳು. ರೆಪ್ಪೆಯ ಕೆಳಗೆ ಗುಡ್ಡೆಗಳು ಅತ್ತಿತ್ತ ಓಡಾಡುತ್ತಿದ್ದವು, ಎದುರಿಗೆ ನಿಂತ ಯಾರನ್ನೋ ನೋಡುತ್ತಿರುವಂತೆ. ಆಮೇಲೆ ಕಣ್ಣು ಬಿಡದೆಯೇ ಬಟ್ಟಲಿನ ಕಡೆ ಕೈ ಚಾಚಿದಳು. ಅವನು ಒಂದು ಚೂರು ತೆಗೆದು ಅವಳ ತುಟಿಗೆ ಇಟ್ಟ. ಅವಳು ಚೀಪಿದಳು. ಕೆನ್ನೆಯ ಗುಳಿಯಲ್ಲಿ ಐಸು ಈ ಕಡೆಯಿಂದ ಆ ಕಡೆಗೆ ಸರಿಯುವುದು ಕಾಣಿಸುತ್ತಿತ್ತು.

ಬೆರಳಾಡಿಸಿ ಇನ್ನೊಂದು ಚೂರನ್ನು ಅವಳೇ ಹುಡುಕಿದಳು. ಅದನ್ನು ಬಾಯಿಗೆ ಹಾಕಿಕೊಳ್ಳದೆ ಅವನತ್ತ ಹಿಡಿದಳು.

"ತಗೋ."

ಅವನು ಅಲ್ಲಾಡಲಿಲ್ಲ.

"ಹೆದರಬೇಡ್ವೋ. ಬಣ್ಣ ಹಾಕಿಲ್ಲ."

ಅವನು ತೆಗೆದುಕೊಂಡ. ಬಾಯಿಗಿಡಲು ಮಾತ್ರ ಆಗಲಿಲ್ಲ. ಅಂಗೈಯಲ್ಲಿ ಹಿಡಿದು ಕೂತ. ಐಸು ಕರಗಿ ಬೆರಳ ಸಂದಿಯಿಂದ ಮಣಿಕಟ್ಟಿಗೆ, ಅಲ್ಲಿಂದ ಗುಂಡಿ ಹಾಕಿದ ಅಂಗಿಯ ತೋಳಿನೊಳಗೆ ನಿಧಾನವಾಗಿ ಇಳಿಯಿತು. ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಲೆ ಒಂದು ಒದ್ದೆ ಮೂಡಿ, ಯಾವ ಬಣ್ಣವೂ ಇಲ್ಲದೆ, ಮೊಣಕೈಯವರೆಗೂ ಹರಡುತ್ತ ಹೋಯಿತು.