ತಟ್ಟೆಯ ತಳದ ಮದ್ದು

ಅಕ್ಕನಾಗಮ್ಮ ಸತ್ತ ತಮ್ಮನ ಹಣೆಗೆ ವಿಭೂತಿ ಬಳಿಯುವ ನೆಪದಲ್ಲಿ ಅವನ ಉಗುರುಗಳನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ನೀಲಿ ಅಂದರೆ ನೀಲಿ, ಕಪ್ಪು ಅಂದರೆ ಕಪ್ಪು. ಅನುಮಾನಕ್ಕೆ ಬಣ್ಣ ಯಾವುದಾದರೇನು!

ಮೂಕಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ತಲೆ ಜೋಲದಂತೆ ಬಿಳಿ ವಸ್ತ್ರದಿಂದ ಮೊಳೆಗೆ ಕಟ್ಟಿದ್ದರು. ಹೆಸರು ಮೂಕಣ್ಣ, ಹೊಟ್ಟೆಪಾಡು ಹೊಸಪೇಟೆ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೂಗುವುದು. ಇಪ್ಪತ್ತೆರಡು ವರ್ಷ ಕೂಗಿದ.

"ಮುಂಜಾನಿ ಗಂಟಿ ಹೊಡದಂಗ, ‘ಸಂಡೂರಿಗೆ ಹೋಗುವ ಪ್ರಯಾಣಿಕರ ಗಮನಕ್ಕೆ’ ಅಂತಿದ್ದ," ಎಂದ ಕಂಡಕ್ಟರ್ ತಿಪ್ಪೇಶ್. ಸಾವಿನ ಮನೆಯೆಂಬುದನ್ನು ಮರೆತು ಮೂಗು ಬೇರೆ ಹಿಡಿದುಕೊಂಡ. "ಮಧ್ಯಾಹ್ನಕ್ಕ ‘ಹಂಞೂಙಿಗೆ ಹೋಙುವ...’ ನಾವು ಕುಡದಾನ ಅಂತ ತಿಳಕೊಂಡಿದ್ವಿ."

"ಅಂವ ಕುಡದಿದ್ದಿಲ್ಲೋ, ಅವಗ ತಿನ್ನಿಸ್ಯಾರ!" ಅಕ್ಕನಾಗಮ್ಮ ಎದ್ದು ನಿಂತಳು. "ನನ್ನ ತಮ್ಮಗ ಮದ್ದು ಹಾಕ್ಯಾರ. ಮಣ್ಣು ಮಾಡಂಗಿಲ್ಲ, ಪೋಸ್ಟ್‌ಮಾರ್ಟಂ ಆಗ್ಲಿ."

ಯಾರೆಂದು ಹೇಳಲಿಲ್ಲ. ಎಲ್ಲರ ಕಣ್ಣುಗಳೂ ಮೂಕಣ್ಣನ ಹೆಂಡತಿ ಸುವರ್ಣಮ್ಮನ ಮೇಲೆ ಹೋದವು. ಗಂಡನನ್ನು ಕೈವಶ ಮಾಡಿಕೊಳ್ಳಲು ಊಟದಲ್ಲಿ ಮದ್ದು ಕಲಸುವವರು ಅಡುಗೆಮನೆಯವರಲ್ಲದೆ ಇನ್ನಾರು?

*

ಅನುಮಾನ ಹುಟ್ಟಿದ್ದು ನಾಲ್ಕು ವರ್ಷದ ಹಿಂದೆ, ಇದೇ ಮನೆಯ ಊಟದಲ್ಲಿ. ಮೊದಲ ರೊಟ್ಟಿಯನ್ನು ಮೂಕಣ್ಣ ಕಟುಂ ಕುಟುಂ ಮುರಿದು ತಿಂದ. ಎರಡನೆಯದಕ್ಕೆ ದವಡೆ ನಿಧಾನವಾಯಿತು. ಅನ್ನಕ್ಕೆ ಬರುವಷ್ಟರಲ್ಲಿ ಗದ್ದವನ್ನು ಕೈಯಿಂದ ಎತ್ತಿ ಹಿಡಿದು ಅಗಿಯುತ್ತಿದ್ದ. ಎಡ ರೆಪ್ಪೆ ಅಂಗಡಿಯ ಶಟರ್‌ನಂತೆ ಇಳಿದಿತ್ತು. ಅಕ್ಕನಾಗಮ್ಮನಿಗೆ ಖಾತ್ರಿಯಾಯಿತು: ಮದ್ದು ಇರುವುದು ತಟ್ಟೆಯ ತಳದಲ್ಲಿ.

"ಮದ್ದಲ್ಲಕ್ಕಾ, ರೋಗ," ಎಂದು ಮೂಕಣ್ಣ ನಕ್ಕಿದ್ದ. ಆ ನಗೆಯೂ ಅರ್ಧಕ್ಕೇ ಜಾರಿತ್ತು. "ನರದಿಂದ ಬರೋ ಸುದ್ದಿ ಪ್ಯಾಸೆಂಜರ್ ಇದ್ದಂಗ, ಸ್ನಾಯು ಬಸ್ ಇದ್ದಂಗ. ಪ್ಯಾಸೆಂಜರ್ ಹತ್ತಿ ಕುಂತ್ರ ಬಸ್ ಹೊಂಡತೈತಿ. ಆದ್ರ ರೋಗ ತಡಿಯಾಕ ಮೈಯಾಗ ಇರೋ ಕಾವಲು ಮಂದಿ ತಲಿ ಕೆಟ್ಟು, ಕಿಟಕ್ಯಾಗಿಂದ ಸೀಟಿಗೆ ಟವೆಲ್ ಹಾಕಿಬಿಟ್ಟಾರ! ಮುಂಜಾನಿ ಗದ್ದಲದಾಗ ಹೆಂಗೋ ನಾಕು ಮಂದಿಗೆ ಸೀಟ್ ಸಿಗತಾವ. ಬರಬರತ ಪ್ಯಾಸೆಂಜರ್ ಕಡಿಮಿ, ಬಸ್ ನಿಂತಲ್ಲೇ."

"ಮತ್ತ ಈ ಗುಳಿಗಿ?"

"ಪ್ಯಾಸೆಂಜರ್ ಜಲ್ದಿ ಮನಿಗೆ ಹೋಗದಂಗ ಹಿಡಕೋತೈತಿ. ಇನ್ನೊಂದು ಸಲ ಹತ್ತಾಕ ನೋಡ್ಲಿ ಅಂತ."

ಗುಳಿಗೆ ಎಣಿಸಿ ಕೊಡುತ್ತಿದ್ದವಳೂ ಸುವರ್ಣಮ್ಮನೇ. ಅಕ್ಕನಾಗಮ್ಮನ ಕಣ್ಣಿಗೆ ಅದೂ ಬಿತ್ತು.

*

"ಆಗ್ಲಿ ಅತ್ತಿ, ಪೋಸ್ಟ್‌ಮಾರ್ಟಂ ಮಾಡಸೋಣು," ಎಂದಳು ಮೂಕಣ್ಣನ ಮಗಳು ಕಾವ್ಯ. "ನನಗೂ ಅನುಮಾನ ಐತಿ. ಅಪ್ಪಗ ನುಂಗಾಕ ಬರ್ತಿದ್ದಿಲ್ಲ, ನೀರು ಸುದ್ದಾ ಚಮಚದಾಗ ಕೊಡತಿದ್ವಿ. ಶ್ವಾಸಕೋಶಕ್ಕ ಏನೋ ಹಸರು ರಸ ಇಳದೈತಿ, ಅದರಿಂದಾನ ಹೋದ್ರು ಅಂತ ಡಾಕ್ಟರ್ ಹೇಳ್ಯಾರ. ಸೋಮವಾರ ನಾನು ಅವ್ವ ಗುಳಿಗಿ ತರಾಕ ಹೋದಾಗ ಮನ್ಯಾಗ ಯಾರಿದ್ರು?"

ತಿಪ್ಪೇಶ್ ಜೇಬಿನಿಂದ ಫೋನ್ ತೆಗೆದ. "ಪೊಲೀಸ್ನೋರಿಗೆ ಹೇಳೇಬಿಡ್ಲೇನ್ರಿ, ಅಕ್ಕಾರ?"

*

ಸೋಮವಾರ ಅಕ್ಕನಾಗಮ್ಮ ಮೆಟ್ರಿ ಊರಿನಿಂದ ಬರುವಾಗ ಚೀಲದಲ್ಲಿ ಬಾಟಲಿ ಇತ್ತು; ಮದ್ದು ತೆಗೆಯುವ ಮುದುಕಿ ಹಿಂಡಿಕೊಟ್ಟ ಸೊಪ್ಪಿನ ರಸ. ವಾಂತಿಯಾದರೆ ಹಾಕಿದ್ದೆಲ್ಲ ಹೊರಗೆ ಬೀಳುತ್ತದಂತೆ.

ಮೂಕಣ್ಣ ಬೇಡವೆಂದು ಕೈಯಾಡಿಸಿದ, ಮಾತು ಏಳಲಿಲ್ಲ.

"ನಿನ್ನ ಎತ್ತಿ ಆಡಿಸಿದ ಕೈ ಇದು. ಕುಡಿಯಪ್ಪಾ."

ಅಕ್ಕನ ಮಾತು ಮೀರದವನು ಬಾಯಿ ತೆರೆದ. ಲೋಟ ಎತ್ತಿ ಹೊಯ್ದಳು. ಗೊರಗೊರ ಸದ್ದಾಯಿತು. ಕೆಮ್ಮಲು ಹೋದ, ಕೆಮ್ಮಿಗೂ ಬಲವಿರಲಿಲ್ಲ. "ಬರ್ಲಿ, ಬರ್ಲಿ, ಮದ್ದು ಏಳಾಕತ್ತೈತಿ," ಎಂದು ಬೆನ್ನು ಸವರಿದಳು. ಹೊರಗೆ ಸುವರ್ಣಮ್ಮನ ಹೆಜ್ಜೆ ಸಪ್ಪಳ ಕೇಳಿ ಲೋಟ ತೊಳೆದಿಟ್ಟಳು.

ಮೂರನೆಯ ದಿನ ಆಸ್ಪತ್ರೆಯಲ್ಲಿ ಅವನ ಉಸಿರು ನಿಂತಿತು.

*

"ಬ್ಯಾಡ," ಎಂದಳು ಅಕ್ಕನಾಗಮ್ಮ.

"ಈಗರೆ ನೀವ ಅಂದ್ರೆಲ್ರಿ..." ಎಂದ ತಿಪ್ಪೇಶ್.

"ಬ್ಯಾಡ ಅಂದ್ನೆಲ್ಲೋ! ಅವನ ಮೈಗೆ ಇನ್ನ ಕತ್ತರಿ ಯಾಕ? ಹೊತ್ತಾತು, ಜಲ್ದಿ ಎತ್ತರಿ."

ಸುವರ್ಣಮ್ಮನ ಮೇಲಿದ್ದ ಕಣ್ಣುಗಳು ಒಂದೊಂದಾಗಿ ಅಕ್ಕನಾಗಮ್ಮನ ಕಡೆ ಹೊರಳಿದವು. ರುದ್ರಭೂಮಿಯವರೆಗೂ ಅವು ಅವಳನ್ನು ಬಿಡಲಿಲ್ಲ.

ಮೂಕಣ್ಣನನ್ನು ಕುಣಿಯಲ್ಲಿ ಕೂರಿಸಿದರು. ಅಯ್ಯನೋರ ಮಂತ್ರ ಇನ್ನೂ ನಡೆದಿತ್ತು. ಅಕ್ಕನಾಗಮ್ಮ ಅಂಚಿನಲ್ಲಿ ಮೊಣಕಾಲೂರಿ ಎರಡೂ ಕೈಯಿಂದ ಮಣ್ಣು ನೂಕತೊಡಗಿದಳು.

"ಅಕ್ಕಾರ, ತಡೀರಿ, ಇನ್ನೂ ಪತ್ರಿ ಏರಿಸಿಲ್ಲ!" ತಿಪ್ಪೇಶ್ ತೋಳು ಹಿಡಿದ. ಕೊಡವಿಕೊಂಡು ಮತ್ತೆ ನೂಕಿದಳು. ಮಣ್ಣು ಎದೆ ದಾಟಿ, ಗದ್ದ ದಾಟಿ, ಬಾಯಿ ಮುಚ್ಚಿತು. ಗಂಡನ ನೆತ್ತಿಗಿಡಬೇಕಿದ್ದ ಬಿಲ್ವಪತ್ರಿ ಸುವರ್ಣಮ್ಮನ ಮುಷ್ಟಿಯಲ್ಲೇ ಇತ್ತು. ಅವಳು ನೋಡುತ್ತಿದ್ದದ್ದು ಆ ಎರಡು ಕೈಗಳನ್ನು.