ಚಲಿಸುವ ಶಿಲ್ಪಗಳನ್ನು ಅಲ್ಲಾಡಿಸಬಾರದು

ಅಕ್ಕ ಚಲನಶಿಲ್ಪದ ಆದ್ಯ ಪ್ರವರ್ತಕಿ ಎಂಬ ವಿಷಯ ವಸ್ತುಸಂಗ್ರಹಾಲಯಕ್ಕೆ ಗೊತ್ತಾಗುವಷ್ಟರಲ್ಲಿ ಅವರಿಗೆ ಎಂಬತ್ತು ದಾಟಿತ್ತು. ಸಂಗ್ರಹಾಲಯವೇನೂ ದೂರದಲ್ಲಿರಲಿಲ್ಲ, ಅವರ ಮನೆಯ ಹಿಂದಿನ ಬೀದಿಯಲ್ಲೇ ಇತ್ತು. ಅಲ್ಲಿನ ದೊಡ್ಡವರಿಗೆ ಅಷ್ಟು ವರ್ಷ ಆ ಕಡೆ ಕತ್ತು ತಿರುಗಿಸಲು ಪುರುಸೊತ್ತಾಗಿರಲಿಲ್ಲ, ಅಷ್ಟೆ.

ಬೀದಿಯವರಿಗೆ ಅವರು ಗಿರಗಿಟ್ಲೆ ಮೇಡಂ. ಮನೆಯ ಪಕ್ಕದ ಶೆಡ್ಡಿನಲ್ಲಿ ಸೈಕಲ್ ಚೈನು, ಹೊಲಿಗೆ ಯಂತ್ರದ ಮೋಟಾರು, ಸ್ಟೀಲ್ ತಟ್ಟೆ, ಮುರಿದ ಕೊಡೆಯ ಕಡ್ಡಿಗಳನ್ನು ಗುಡ್ಡೆ ಹಾಕಿಕೊಂಡು ತಿರುಗುವ, ಕುಣಿಯುವ, ರೆಕ್ಕೆ ಬಡಿಯುವ ಶಿಲ್ಪಗಳನ್ನು ಮಾಡುತ್ತಿದ್ದರು. ಜೊತೆಗಿದ್ದವರು ತಂಗಿ, ಮದುವೆಯ ಗೋಜಿಗೆ ಹೋಗದ ನಿವೃತ್ತ ಗಣಿತದ ಟೀಚರು. ಶೆಡ್ಡಿನ ಗೋಡೆಗೆ ಅಂಟಿಕೊಂಡ ಕೋಣೆ ಅವರದು. "ಅಕ್ಕಾ, ಇವತ್ತೊಂದು ದಿನ ಅದರ ಬಾಯಿ ಮುಚ್ಚಿಸ್ತೀಯಾ?" ಎಂದು ಗೋಡೆ ಗುದ್ದದೆ ಅವರ ಮಧ್ಯಾಹ್ನದ ನಿದ್ದೆ ಶುರುವಾಗುತ್ತಿರಲಿಲ್ಲ.

ಹಿಂದೊಮ್ಮೆ ಅಕ್ಕ ಶೆಡ್ಡಿನಲ್ಲೇ ಪ್ರದರ್ಶನ ಇಟ್ಟಾಗ ಒಬ್ಬ ವಿಮರ್ಶಕರು ಬಂದು, ಕಿವಿ ಮುಚ್ಚಿಕೊಂಡು ಒಂದು ಸುತ್ತು ಹಾಕಿ, 'ಗುಜರಿ ಅಂಗಡಿಗೆ ಕರೆಂಟು ಕೊಟ್ಟಂತಿದೆ' ಎಂದು ಪತ್ರಿಕೆಯಲ್ಲಿ ಬರೆದಿದ್ದರು. ಈಗ ಅದೇ ವಿಮರ್ಶಕರು ಅಕ್ಕನ ಸಮಗ್ರ ಪ್ರದರ್ಶನಕ್ಕೆ ಮುಖ್ಯ ಅತಿಥಿ. ಕಿವಿ ಮಂದವಾದ ಮೇಲೆ ಅವರ ಅಭಿರುಚಿ ಬಹಳ ಸುಧಾರಿಸಿತ್ತು.

ಸಂಗ್ರಹಾಲಯದ ನಿರ್ದೇಶಕರು ಮನೆಗೇ ಬಂದು ಕರೆದಿದ್ದರು.

"ಇಡೀ ಮೊದಲನೇ ಮಹಡಿ ನಿಮ್ಮದೇ ಮೇಡಂ."

"ಎಲ್ಲಾ ಓಡಿಸ್ತೀರಾ?"

"ಅಯ್ಯೋ, ಚಲನೆ ಅನ್ನೋದೇ ನಮ್ಮ ಪ್ರದರ್ಶನದ ಜೀವ!"

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಆ ಮನುಷ್ಯ ಅಷ್ಟು ದೊಡ್ಡ ಕುರ್ಚಿ ಏರಿದ್ದು ಸುಮ್ಮನೆ ಅಲ್ಲ. ಆದರೆ ಅಕ್ಕನಿಗೆ ಅದು ಹೌದೆಂದೇ ಕೇಳಿಸಿತು. ಶೆಡ್ಡು ಖಾಲಿಯಾಯಿತು. ಮನೆಯಲ್ಲಿ ಮೊದಲ ಬಾರಿಗೆ ನಿಶ್ಶಬ್ದ. ತಂಗಿ ಮಧ್ಯಾಹ್ನ ಮಲಗಿ, ಹೊರಳಾಡಿ, ಎದ್ದು ಬಂದು ಅಕ್ಕನ ಮೇಲೆ ರೇಗಿದರು. ಯಾಕೆ ಎಂದು ಅವರಿಗೂ ತಿಳಿಯಲಿಲ್ಲ.

ಉದ್ಘಾಟನೆಯ ಸಂಜೆ ಅಕ್ಕತಂಗಿ ಇಬ್ಬರೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದರು. ಹಾಲಿನಲ್ಲಿ ಜನ ಗಿಜಿಗುಡುತ್ತಿದ್ದರು. ಕೈಯಲ್ಲಿ ಜ್ಯೂಸು, ಮುಖದಲ್ಲಿ ಗಾಂಭೀರ್ಯ. ಶಿಲ್ಪಗಳು ಬಿಳಿ ಕಟ್ಟೆಗಳ ಮೇಲೆ, ಕೆಂಪು ಹಗ್ಗದ ಬೇಲಿಯೊಳಗೆ ಮಿರಮಿರ ಹೊಳೆಯುತ್ತಿದ್ದವು. ಅಕ್ಕ ವರ್ಷಗಟ್ಟಲೆ ತಿಕ್ಕಿ ಹಾಕಿದ್ದ ಗ್ರೀಸನ್ನೆಲ್ಲ ಯಾರೋ ಹತ್ತಿಯಲ್ಲಿ ಒರೆಸಿ ತೆಗೆದಿದ್ದರು. ಪ್ಲಗ್ಗುಗಳನ್ನು ಕಿತ್ತು, ವೈರನ್ನು ಸುತ್ತಿ, ರಿಬ್ಬನ್ನು ಕಟ್ಟಿಟ್ಟಿದ್ದರು. ಒಂದೂ ಅಲ್ಲಾಡುತ್ತಿರಲಿಲ್ಲ.

"ಯಾಕೆ ನಿಲ್ಸಿದ್ದೀರಿ?" ಅಕ್ಕ ಕೇಳಿದರು.

"ಸಂರಕ್ಷಣೆ ಮೇಡಂ," ನಿರ್ದೇಶಕರು ದನಿ ತಗ್ಗಿಸಿದರು. "ಓಡಿದ್ರೆ ಸವೆಯುತ್ತೆ."

"ಸವೆದ್ರೆ ಬೇರೆ ಹಾಕ್ತೀನಿ. ನಾನಿನ್ನೂ ಬದುಕಿದ್ದೀನಲ್ಲಪ್ಪ."

"ಅದೇ ಸ್ವಲ್ಪ ತೊಡಕು," ಎಂದುಬಿಟ್ಟು ನಿರ್ದೇಶಕರು ನಾಲಗೆ ಕಚ್ಚಿಕೊಂಡರು. "ಅಂದ್ರೆ... ಈಗ ಇವು ಪರಂಪರೆ. ಗೋಡೆ ಮೇಲೆ ವಿಡಿಯೋ ಇದೆ, ಅದರಲ್ಲಿ ಎಲ್ಲಾ ತಿರುಗುತ್ತೆ."

ಅಕ್ಕನ ಕೈ ತಾನಾಗಿಯೇ ಒಂದು ಚೈನಿನ ಬಿಗಿ ನೋಡಲು ಮುಂದೆ ಹೋಯಿತು. ಕಾವಲುಗಾರ ಅಡ್ಡ ಬಂದ. "ಕೈ ಹಾಕ್ಬಾರದು ಅಜ್ಜಿ. ಇದನ್ನ ಮಾಡಿದೋರು ತುಂಬಾ ದೊಡ್ಡೋರಂತೆ."

ಅಕ್ಕ ಕೈ ಹಿಂದಕ್ಕೆಳೆದುಕೊಂಡು ಮೂಲೆಯ ಕುರ್ಚಿಯಲ್ಲಿ ಕೂತರು. ತನ್ನದೇ ಶೋಕಸಭೆಗೆ ಸ್ವಲ್ಪ ಬೇಗ ಬಂದೆನೇನೋ ಅನ್ನಿಸಿತು. ಜನರೆಲ್ಲ ಬಂದು ಮೆಲ್ಲಗೆ ಕೈ ಕುಲುಕಿ ಹೋಗುತ್ತಿದ್ದ ರೀತಿಯೂ ಹಾಗೆಯೇ ಇತ್ತು. ಅಕ್ಕನ ಕಣ್ಣಲ್ಲಿ ನೀರಾಡಿದ್ದನ್ನು ತಂಗಿ ಕಂಡರು. ಅಕ್ಕ ಅತ್ತದ್ದನ್ನು ಅವರು ಅದುವರೆಗೆ ನೋಡಿಯೇ ಇರಲಿಲ್ಲ.

ಹಾಲಿನ ನಡುವೆ ನಿಂತಿದ್ದದ್ದು 'ಅತ್ತೆಯ ಸಿಟ್ಟು'. ಎರಡಾಳೆತ್ತರದ ಕಂಬ, ಅದರ ತುಂಬ ಸ್ಟೀಲ್ ತಟ್ಟೆಗಳು. ಕರೆಂಟು ಕೊಟ್ಟ ಕೂಡಲೇ ಅದು ಏನೂ ಮಾಡುವುದಿಲ್ಲ. ಒಳಗಿನ ಸ್ಪ್ರಿಂಗು ಸದ್ದಿಲ್ಲದೆ ಬಿಗಿಯುತ್ತಾ, ಬಿಗಿಯುತ್ತಾ ಹೋಗಿ, ಇನ್ನೇನೂ ಆಗಲ್ಲ ಎಂದು ಎಲ್ಲರೂ ನೆಮ್ಮದಿಯಾದ ಮೇಲೆ ಒಮ್ಮೆಲೇ ಸಿಡಿಯುತ್ತದೆ. ತಂಗಿಯ ನಿದ್ದೆಗೆ ಅತಿ ಹೆಚ್ಚು ಸಲ ಕಲ್ಲು ಹಾಕಿದ್ದು ಅದೇ.

ತಂಗಿ ಎದ್ದರು. ಎಲ್ಲರ ಕಣ್ಣೂ ವೇದಿಕೆ ಏರುತ್ತಿದ್ದ ವಿಮರ್ಶಕರ ಮೇಲಿತ್ತು. ಕಟ್ಟೆಯ ಹಿಂದೆ ಬಗ್ಗಿ, ರಿಬ್ಬನ್ನು ಬಿಚ್ಚಿ, ಅದರ ಬುಡದಲ್ಲಿದ್ದ ಸಾಕೆಟ್ಟಿಗೆ ಪ್ಲಗ್ಗು ಚುಚ್ಚಿ, ಏನೂ ಅರಿಯದವರಂತೆ ಬಂದು ಕೂತರು.

"ಏನೇ ಮಾಡ್ದೆ?" ಅಕ್ಕ ಪಿಸುಗುಟ್ಟಿದರು.

"ಸುಮ್ನೆ ಭಾಷಣ ಕೇಳು."

ವಿಮರ್ಶಕರು ಗಂಟಲು ಸರಿಮಾಡಿಕೊಂಡರು. ಅಕ್ಕನ ಪ್ರತಿಭೆಯನ್ನು ತಾವು ಅಂದೇ ಗುರುತಿಸಿದ್ದಾಗಿ ಹೇಳಿದರು. ನಿಂತ ಚಲನೆಯೇ ನಿಜವಾದ ಚಲನೆ ಎಂದರು. ಯಾರಿಗೂ ಅರ್ಥವಾಗಲಿಲ್ಲ, ಆದ್ದರಿಂದ ಎಲ್ಲರೂ ತಲೆದೂಗಿದರು. "ಕೇಳಿ," ಎಂದು ಅವರು ಕೈಯೆತ್ತಿ, ಕಣ್ಣು ಮುಚ್ಚಿದರು, "ಈ ಮಹಾಮೌನವನ್ನು..."

ಅತ್ತೆಗೆ ಸಿಟ್ಟು ಬಂತು.

ಅಷ್ಟೂ ತಟ್ಟೆಗಳು ಒಟ್ಟಿಗೆ ಬಡಿದುಕೊಂಡವು. ಮಂದ ಕಿವಿಯ ವಿಮರ್ಶಕರಿಗೂ ಕೇಳಿಸಿ, ಅವರು ಮೈಕನ್ನು ತಬ್ಬಿಕೊಂಡರು. ಯಾರದೋ ಜ್ಯೂಸು ಯಾರದೋ ರೇಷ್ಮೆಯ ಮೇಲೆ ಚೆಲ್ಲಿತು. ಗ್ರೀಸಿಲ್ಲದ ಕಂಬ ಕಿರುಗುಟ್ಟಿ, ಒಂದು ತಟ್ಟೆ ಕಳಚಿಕೊಂಡು ಹಾಲಿನುದ್ದಕ್ಕೂ ಉರುಳಿತು. ಗಣ್ಯರು ಕಾಲೆತ್ತಿ ದಾರಿ ಬಿಟ್ಟರು. ಅದು ಬಾಗಿಲ ಬಳಿ ಗಿರಗಿರ ತಿರುಗಿ ಮಲಗಿತು.

ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗು ಹಾಲಿನ ತುಂಬ ಹಬ್ಬಿತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಬೇರೆ ಯಾವ್ದು ಓಡುತ್ತೆ?" ಎನ್ನುತ್ತಾ ಜನ ಹಗ್ಗ ದಾಟಿದರು. ನಿರ್ದೇಶಕರು ಎರಡೂ ಕೈ ಚಾಚಿ ಒಂದೊಂದೇ ಶಿಲ್ಪಕ್ಕೆ ಅಡ್ಡ ನಿಲ್ಲುತ್ತಾ ಓಡಾಡಿದರು. ಅಂದು ಅಲ್ಲಿ ಅವರಷ್ಟು ಚಲಿಸಿದ್ದು ಬೇರೊಂದಿಲ್ಲ.

ಮರುದಿನ ಸಂಗ್ರಹಾಲಯ ಒಂದು ಸಮಿತಿ ರಚಿಸಿತು. ಚಲಿಸುವ ಶಿಲ್ಪಗಳು ಚಲಿಸಬಹುದೇ ಎಂದು ಅದು ಕೂಲಂಕಷವಾಗಿ ಯೋಚಿಸುವುದಂತೆ. ಅಕ್ಕ ಕಾಯಲಿಲ್ಲ. "ನನ್ನ ಸಾಮಾನು ನನಗೆ ಕೊಡಿ" ಎಂದು ಲಾರಿ ತಂದು ನಿಲ್ಲಿಸಿ, ಎಲ್ಲವನ್ನೂ ಮನೆಗೆ ಸಾಗಿಸಿದರು. ಪ್ರದರ್ಶನ ಮಾತ್ರ ನಿಲ್ಲಲಿಲ್ಲ. ಖಾಲಿ ಕಟ್ಟೆ, ಕೆಂಪು ಹಗ್ಗ, ವಿಡಿಯೋಗಳನ್ನು ಜನ ಸಾಲುಗಟ್ಟಿ ನೋಡಿದರು. 'ಶಿಲ್ಪಗಳು ಹೊರಟೇ ಹೋಗಿವೆ. ಚಲನೆಯ ಪರಾಕಾಷ್ಠೆ!' ಎಂದು ವಿಮರ್ಶಕರು ಬರೆದರು.

"ಇವರಿಗೆ ಮನೇಲಿ ಬುದ್ಧಿ ಹೇಳೋರು ಯಾರೂ ಇಲ್ವಾ?" ಎಂದು ತಂಗಿ ಪತ್ರಿಕೆ ಮಡಿಸಿಟ್ಟರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹೊಸದೊಂದಕ್ಕೆ ಕೈ ಹಾಕಿದ್ದರು. ಹಳೆಯ ಹಾರ್ಮೋನಿಯಂನ ತಿದಿ ಉಬ್ಬುತ್ತಿತ್ತು, ಇಳಿಯುತ್ತಿತ್ತು.

"ಇದೇನಿದು?"

"ತಂಗಿಯ ಗೊರಕೆ."

ತಂಗಿ ದುಮುದುಮು ಅನ್ನುತ್ತಾ ಹೋಗಿ ಕೋಣೆಯ ಬಾಗಿಲು ಹಾಕಿಕೊಂಡರು. ಊಟಕ್ಕೂ ಬರಲಿಲ್ಲ. ಮಾರನೆಯ ಬೆಳಿಗ್ಗೆ ಶೆಡ್ಡಿನ ಹೊಸ್ತಿಲಲ್ಲಿ ನಿಂತು ಬಹಳ ಹೊತ್ತು ತಿದಿಯನ್ನೇ ದುರುಗುಟ್ಟಿ ನೋಡಿದರು.

"ತಪ್ಪು ಮಾಡಿದ್ದೀಯ," ಎಂದರು ಕೊನೆಗೆ. "ಉಸಿರು ಬಿಡುವಾಗ ಸಣ್ಣದಾಗಿ ಒಂದು ಸೀಟಿ ಬರುತ್ತಂತೆ. ಹಾಸ್ಟೆಲ್ಲಲ್ಲಿ ಎಲ್ಲರೂ ಹೇಳೋರು."

ಅಕ್ಕ ಸ್ಕ್ರೂಡ್ರೈವರ್ ಕೆಳಗಿಟ್ಟು, ಡಬ್ಬಿಯಲ್ಲಿ ಸೀಟಿ ಹುಡುಕತೊಡಗಿದರು.